ಮುತ್ಲಕ್ ಕೆತ್ತಿದ ಹಾವು

ಮುತ್ಲಕ್ ತಾನು ಕೆತ್ತಿದ್ದ ಹಾವನ್ನು ಮತ್ತೆ ಕಂಡದ್ದು ತಮ್ಮನ ಮೊಬೈಲಿನಲ್ಲಿ. ಬಿಟ್ಟುಬಂದಾಗ ಬಂಡೆಯ ಮೇಲಿನ ಮೊಳದುದ್ದದ ಗೀರಾಗಿದ್ದ ಹಾವು ಈಗ ಒಳ್ಳೇ ಮನೆತನದ ಹಾವಾಗಿತ್ತು. ಅದಕ್ಕೊಂದು ಹಳೇ ನಕ್ಷೆ, ನಕ್ಷೆಗೊಂದು ತುರ್ಕಿ ಮೊಹರು, ಮೊಹರಿಗೊಬ್ಬ ಪಾಷಾ, ಪಾಷಾನ ಹಿಂದೆ ಚಿನ್ನ ಹೊತ್ತ ಒಂಟೆಗಳ ಸಾಲು.

"ನೋಡಣ್ಣ," ಅಂದ ಸುವೈಲಿಮ್. "ಉಮ್ ಹುಲೈಲ್ ಕಣಿವೆ. ನಮ್ಮ ಆಡು ಮೇಯೋ ಜಾಗ. ಇಷ್ಟು ವರ್ಷ ಚಿನ್ನದ ಮೇಲೆ ಹಿಕ್ಕೆ ಹಾಕಿಸ್ಕೊಂಡು ಕೂತಿದ್ವಲ್ಲ, ಎಂಥಾ ಕತ್ತೆಗಳು ನಾವು."

"ಈ ನಕ್ಷೆ ಎಲ್ಲಿ ಸಿಕ್ತು?"

"ಇಸ್ತಾಂಬೂಲಿಂದ ಬಂದಿದ್ದು. ಮಆನ್ ಪೇಟೇಲಿ ಒಬ್ಬ ಕೊಟ್ಟ. ಸುಮ್ನೆ ಕೊಡ್ಲಿಲ್ಲ, ನೀರಿನ ಲಾರಿ ಮಾರ್ದೆ."

ಮುತ್ಲಕ್ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟ.

ಮಆನಿನ ಪೂರ್ವಕ್ಕೆ, ತುರ್ಕರು ಹಾಕಿ ಬಿಟ್ಟುಹೋದ ರೈಲುಹಳಿಯ ಆಸುಪಾಸಿನಲ್ಲಿ ನೆಲ ಅಗೆಯದ ಗಂಡಸಿಲ್ಲ. ನೂರು ವರ್ಷದ ಹಿಂದಿನ ಯುದ್ಧದಲ್ಲಿ ತುರ್ಕರು ಸೋತು ಓಡುವಾಗ ಸೈನ್ಯದ ಚಿನ್ನವನ್ನು ಹೂತು, ಪಕ್ಕದ ಬಂಡೆಯ ಮೇಲೆ ಗುರುತು ಕೆತ್ತಿ ಹೋದರೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಓಡುತ್ತಿರುವ ಸೈನಿಕನಿಗೆ ಕೂತು ಕೋಳಿ, ಕೋಳಿಮರಿ, ಚೇಳು, ಹಾವು ಅಂತ ಕೆತ್ತುವಷ್ಟು ಪುರುಸೊತ್ತು ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ಆ ಪುರುಸೊತ್ತು ಇದ್ದದ್ದು ಮುತ್ಲಕ್‌ಗೆ.

ಆಡುಗಳೆಲ್ಲ ರೋಗಕ್ಕೆ ಸತ್ತ ವರ್ಷವೂ ಅವನ ಮನೆ ಉಳಿದದ್ದು ಉಳಿಯಿಂದ. ಕೆತ್ತಿ, ಹುಳಿಮಜ್ಜಿಗೆ ಬಳಿದು, ಮೇಲೆ ಆಡಿನ ಹಿಕ್ಕೆ ಅರೆದು ಮೆತ್ತಿ ಎರಡು ಚಳಿಗಾಲ ಬಿಟ್ಟರೆ ಸಾಕು, ಗೀರಿನಲ್ಲಿ ಪಾಚಿ ಕಟ್ಟಿ ಅದಕ್ಕೆ ತಾನಾಗಿ ನೂರು ವರ್ಷ ವಯಸ್ಸಾಗುತ್ತದೆ. ರಾಜಧಾನಿ ಅಮ್ಮಾನಿನ ಸಾಹೇಬರು ಬರುವರು, ಜಾಗ ತೋರಿಸಿದ್ದಕ್ಕೆ ದಿನಾರು ಕೊಡುವರು, ಸೊಂಟದುದ್ದ ಅಗೆಯುವರು, ಆಮೇಲೆ ಅದೇ ಸೊಂಟ ಹಿಡಿದುಕೊಂಡು ಕಾರು ಹತ್ತುವರು. ಈ ಹಾವನ್ನೂ ಅಂಥದೇ ಒಬ್ಬ ಸಾಹೇಬನಿಗೆ ತೋರಿಸಿದ್ದ. ಅವನು ತೆಗೆದ ಫೋಟೋ ಫೋನಿನಿಂದ ಫೋನಿಗೆ ತೆವಳಿ, ದೇಶವೆಲ್ಲ ಸುತ್ತಿ, ಈಗ ಕೆತ್ತಿದವನ ಮನೆಗೇ ಬಂದು ಹೆಡೆಯೆತ್ತಿತ್ತು.

"ಬಾಲದ ಹತ್ರ ಈ ಕೊಕ್ಕೆ ನೋಡು," ಸುವೈಲಿಮ್ ಪರದೆಯನ್ನು ದೊಡ್ಡದು ಮಾಡಿ ತೋರಿಸಿದ. "ಇದೇ ಆಳದ ಲೆಕ್ಕ ಅಂತೆ. ತಿಳಿದೋರು ಹೇಳಿದ್ದು. ಮೂರು ಆಳು ಆಳ."

ಆ ಕೊಕ್ಕೆ ಉಳಿ ಜಾರಿ ಆದದ್ದು. ಅವತ್ತು ಹೆಬ್ಬೆರಳು ಜಜ್ಜಿಕೊಂಡು ಮುತ್ಲಕ್ ಪಾಷಾಗಳ ವಂಶವನ್ನೇ ಬೈದಿದ್ದ. ಈಗ ಬೈಗುಳ ಬಾಯಿಗೆ ಬರಲಿಲ್ಲ. ಆ ಕಣಿವೆಯ ನೆಲ ಪ್ರವಾಹ ತಂದು ಸುರಿದ ಗರಸು. ಸೊಂಟದವರೆಗೆ ಅಗೆದರೆ ನಿಲ್ಲುತ್ತದೆ, ತಲೆ ಮುಳುಗುವಷ್ಟು ಅಗೆದರೆ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗಿದ್ದವನ ಸಮೇತ. ಸಾಹೇಬರು ಬೇಗ ಬೇಸತ್ತು ಬದುಕಿಕೊಂಡಿದ್ದರು. ಸುವೈಲಿಮ್ ಬೇಸರ ಪಡುವ ಪೈಕಿಯಲ್ಲ.

"ಸುವೈಲಿಮ್, ಆ ಹಾವು ನಾನು ಕೆತ್ತಿದ್ದು."

ತಮ್ಮ ಅವನ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ ನಕ್ಕ.

"ಹಂಗಾದ್ರೆ ನಿಂಗೆ ಮೊದ್ಲೇ ಗೊತ್ತಿತ್ತು."

"ಏನು ಗೊತ್ತಿತ್ತು?"

"ಜಾಗ. ನೀನೊಬ್ನೇ ತೆಗೀಬೇಕು ಅಂತಿದ್ದೆ. ನಂಗೇನು ಬೇಜಾರಿಲ್ಲ ಬಿಡಣ್ಣ, ನಾನಾಗಿದ್ರೂ ಹಂಗೇ ಮಾಡ್ತಿದ್ದೆ. ಈಗ ಅರ್ಧ ನಂದು, ಅರ್ಧ ನಿಂದು."

ಮುತ್ಲಕ್ ಎದ್ದು ಉಳಿ ಸುತ್ತಿಗೆ ತಂದ. ಡೇರೆಯ ಮುಂದಿದ್ದ ಕಲ್ಲಿನ ಮೇಲೆ, ತಮ್ಮನ ಕಣ್ಣೆದುರಿಗೇ, ಅದೇ ಹಾವನ್ನು ಕೆತ್ತಿದ. ಕೊಕ್ಕೆಯನ್ನೂ ಬಿಡಲಿಲ್ಲ. ಸುವೈಲಿಮ್ ಫೋನನ್ನು ಕಲ್ಲಿನ ಪಕ್ಕ ಹಿಡಿದು, ಕುರಿ ಕೊಳ್ಳುವವನ ಹಾಗೆ ತಲೆ ಓರೆ ಮಾಡಿ ನೋಡಿದ.

"ಪರವಾಗಿಲ್ಲ. ಆದ್ರೂ ಆ ಕಾಲದೋರ ಕೈಯೇ ಬೇರೆ. ಅದ್ರಲ್ಲಿ ಜೀವ ಇದೆ ಅಣ್ಣ. ನಿಂದು ಒಗೆದ ಬಟ್ಟೆ ಒಣಹಾಕೋ ಹಗ್ಗ ಇದ್ದಂಗಿದೆ."

ಹೊಗಳಿಸಿಕೊಂಡವನೂ ಬೈಸಿಕೊಂಡವನೂ ಒಬ್ಬನೇ ಆದಾಗ ಮನುಷ್ಯ ಏನು ಮಾಡಬೇಕೋ ಮುತ್ಲಕ್‌ಗೆ ತಿಳಿಯಲಿಲ್ಲ. ಉಳಿ ಒರೆಸಿ ಒಳಗಿಟ್ಟ.

ಅದೇ ವಾರ ಶೇಖ್ ಇದ್ರೀಸ್ ಬಂದ. ನಿಧಿ ಕಾಯುವ ಜಿನ್ನುಗಳ ಜೊತೆ ಮಾತಾಡಲು ಮೊರಾಕ್ಕೋದವರೇ ಬೇಕೆಂಬುದು ಆ ಕಡೆಯ ನಂಬಿಕೆ. ಈ ಶೇಖ್ ತಾನು ಮೊರಾಕ್ಕೋದ ಫೆಜ಼್ ಊರಿನವನೆಂದು ಹೇಳಿಕೊಳ್ಳುತ್ತಿದ್ದ. ಸಿಟ್ಟು ಬಂದಾಗ ಮಾತ್ರ ಅವನ ನಾಲಿಗೆ ಅಮ್ಮಾನಿನ ಪಕ್ಕದ ಜ಼ರ್ಕಾಕ್ಕೆ ಇಳಿಯುತ್ತಿತ್ತು. ಧೂಪ ಹಾಕಿ, ಕಣ್ಣು ಮುಚ್ಚಿ, ಹಾವಿನ ಬಾಲದ ತುದಿಗೆ ಸರಿಯಾಗಿ ಗೆರೆ ಎಳೆದು, ಇಲ್ಲೇ ಅಗೆಯಿರಿ ಅಂದ.

"ಯಾ ಶೇಖ್," ಅಂದ ಮುತ್ಲಕ್, "ಈ ಗುರುತು ಕೆತ್ತಿದ್ದು ನಾನು. ಕೆಳಗೆ ಏನೂ ಇಲ್ಲ."

ಶೇಖ್ ಕಣ್ಣು ತೆರೆಯಲಿಲ್ಲ. "ಕೇಳಿದ್ಯಾ ಸುವೈಲಿಮ್? ಕಾವಲಿನ ಜಿನ್ನು ನಿಮ್ಮಣ್ಣನ ಬಾಯಲ್ಲೇ ಕೂತಿದೆ. ಅಂದ್ಮೇಲೆ ಸಣ್ಣಪುಟ್ಟ ಚಿನ್ನ ಅಲ್ಲ."

ಸಂಜೆ ಸುವೈಲಿಮ್‌ನ ಹೆಂಡತಿ ನೌಫಾ ಬಂದಳು. ರೊಟ್ಟಿ ಕೊಡುವ ನೆಪದಲ್ಲಿ ಬಂದವಳು ರೊಟ್ಟಿಯನ್ನು ಕೊಡದೆ ಹಿಡಿದುಕೊಂಡೇ ನಿಂತಳು.

"ಭಾವ, ಲಾರಿ ಹೋಯ್ತು, ಹೋಗ್ಲಿ. ಇವ್ರು ಗುಂಡಿಯೊಳಗೆ ಇಳೀತೀನಿ ಅಂತಿದಾರೆ. ನೀವು ಒಂದ್ಮಾತು ಹೇಳಿದ್ರೆ ಕೇಳ್ತಾರೆ."

"ಹೇಳ್ದೆ."

"ಇನ್ನೊಂದ್ಸಲ ಹೇಳಿ."

"ಇನ್ನು ಹೇಳೋದಿಲ್ಲ. ನಾಳೆ ಹಾವೇ ಇರಲ್ಲ, ಹೋಗು."

ಬೆಳಕು ಹರಿಯುತ್ತಲೇ ಕಣಿವೆಗೆ ಹೋಗಿ ಮುತ್ಲಕ್ ಬಂಡೆಯ ಮುಖವನ್ನು ಒಡೆದು ಹಾಕಿದ. ತನ್ನ ಕೈಯ ಕೆಲಸಗಳಲ್ಲಿ ಅದೇ ಚೆಲುವಾದದ್ದು ಎಂದು ಒಡೆಯುವಾಗ ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ತಲೆ, ಹೊಟ್ಟೆ, ಕೊಕ್ಕೆ ಎಲ್ಲ ಚೂರಾಗಿ ಗರಸಿನಲ್ಲಿ ಗರಸಾದವು.

ಚೂರುಗಳನ್ನು ಕಂಡ ಸುವೈಲಿಮ್ ಅಣ್ಣನನ್ನು ತಬ್ಬಿಕೊಂಡ. ನಿಧಿ ಹುಡುಕುವವರ ಲೋಕದಲ್ಲಿ ಗುರುತನ್ನು ಒಡೆಯುವವನು ಒಬ್ಬನೇ: ನಿಧಿ ಎಲ್ಲಿದೆಯೆಂದು ಖಾತ್ರಿಯಾಗಿ ತಿಳಿದವನು. ಸುಳ್ಳು ಗುರುತನ್ನು ಯಾರು ತಾನೇ ಬೆವರು ಸುರಿಸಿ ಒಡೆದಾರು? ಅಲ್ಲಿವರೆಗೆ ನಂಬಿಯೂ ನಂಬದೆ ದೂರದಲ್ಲಿ ಚಹಾ ಕುಡಿಯುತ್ತಿದ್ದ ನೆಂಟರು, ನೆರೆಯವರು ಅವತ್ತೇ ಸಲಿಕೆ ಹಿಡಿದು ಬಂದರು. ಎಲ್ಲರಿಗಿಂತ ಮುಂದೆ ಪಕ್ಕದ ಡೇರೆಯ ಫಲಾಹ್.

ಮುತ್ಲಕ್ ಒಮ್ಮೆ ಪೊಲೀಸ್ ಚೌಕಿಯವರೆಗೂ ಹೋಗಿ, ಪಿಕಪ್ಪಿನೊಳಗೇ ಕೂತು, ವಾಪಸು ಬಂದ. ಅಗೆದವನಿಗೂ ಜೈಲು, ಕೆತ್ತಿದವನಿಗೂ ಜೈಲು. ತಮ್ಮನಿಗಾಗಿ ಹೆದರಿದೆನೋ ತನಗಾಗಿ ಹೆದರಿದೆನೋ ಎಂದು ದಾರಿಯುದ್ದಕ್ಕೂ ಯೋಚಿಸಿದ. ಉತ್ತರ ಗೊತ್ತಿದ್ದರಿಂದ ಯೋಚನೆ ಮುಗಿಯಲಿಲ್ಲ.

ಅಷ್ಟರಲ್ಲಿ ರಂಜಾನ್ ತಿಂಗಳು ಬಂತು. ಮಧ್ಯಾಹ್ನ ಉಪವಾಸದ ಸುಸ್ತಿನಲ್ಲಿ ಸರಕಾರವೂ ಮಲಗಿರುತ್ತದೆ. ಅಗೆತ ಆಗ ನಡೆಯುತ್ತಿತ್ತು. ಗುಂಡಿ ತಲೆಯುದ್ದ ದಾಟಿದಾಗ ಮುತ್ಲಕ್ ಮಾತು ಬಿಟ್ಟು ಕೆಲಸ ಹಿಡಿದ. ಹಳೇ ಹಳಿಯ ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗಳನ್ನು ಕಿತ್ತು ತಂದು ಗುಂಡಿಯ ಗೋಡೆಗೆ ಆನಿಸಿ ನಿಲ್ಲಿಸಿದ.

"ನೋಡ್ರಪ್ಪ," ಅಂದ ಫಲಾಹ್, "ಏನೂ ಇಲ್ಲ ಏನೂ ಇಲ್ಲ ಅಂತಿದ್ದೋರು ಗೋಡೆ ಕಟ್ತಾ ಇದಾರೆ. ಇಲ್ಲದ ಚಿನ್ನ ಕುಸಿದುಬಿಟ್ರೆ ಕಷ್ಟ ಅಂತ."

ಎಲ್ಲರೂ ನಕ್ಕರು. ಮುತ್ಲಕ್ ನಕ್ಕವರನ್ನು ನೋಡಲಿಲ್ಲ. ಪಟ್ಟಿಗಳು ಸಾಲದಾದಾಗ ಇನ್ನಷ್ಟು ತರಲು ಹೊರಟ.

"ನಾನು ಬರೋವರೆಗೂ ಇಳೀಬೇಡ," ಅಂದ ತಮ್ಮನಿಗೆ.

"ಆಯ್ತು ಅಜ್ಜಿ," ಅಂದ ಸುವೈಲಿಮ್.

ವಾಪಸು ಬಂದಾಗ ದೂರದಿಂದಲೇ ಕಂಡದ್ದು, ಗುಂಡಿಯ ಪಕ್ಕ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ ಕಬ್ಬಿಣ. ತಾನು ನಿಲ್ಲಿಸಿದ್ದ ಪಟ್ಟಿಗಳು. ಗುಂಡಿ ಮಾತ್ರ ಇರಲಿಲ್ಲ. ಇದ್ದ ಕಡೆ ನೆಲ ಸ್ವಲ್ಪ ತಗ್ಗಾಗಿತ್ತು, ಮೇಲೆ ಧೂಳು ಇನ್ನೂ ಕೂತಿರಲಿಲ್ಲ.

"ಕಬ್ಬಿಣ ಕಂಡ್ರೆ ಜಿನ್ನು ಹತ್ರ ಬರಲ್ಲ," ಶೇಖ್ ಇದ್ರೀಸ್ ಜ಼ರ್ಕಾದ ನಾಲಿಗೆಯಲ್ಲೇ ತೊದಲಿದ. "ಮಾತಾಡ್ಬೇಕಿತ್ತು ಅದ್ರ ಜೊತೆ. ಅದಕ್ಕೇ ತೆಗಿ ಅಂದೆ. ಅವನೇ ಇಳಿದು ತೆಗೆದ."

ಮುತ್ಲಕ್ ಅಗೆಯತೊಡಗಿದ. ಊರೆಲ್ಲ ಅಗೆದಿದ್ದರೂ ಅವನು ಜೀವಮಾನದಲ್ಲಿ ಅಗೆದದ್ದು ಅದೇ ಮೊದಲು. ಸಲಿಕೆ ಹಾಕಿದರೆ ತಮ್ಮನಿಗೆ ತಗಲೀತೆಂದು ಕೈಯಲ್ಲೇ ಬಗೆದ. ಉಳಿದವರೂ ಧುಮುಕಿದರು. ಅವರ ಕೈಗಳು ತನ್ನ ಕೈಗಿಂತ ಚುರುಕಾಗಿದ್ದವು, ಅದಕ್ಕಾಗಿ ಅವನು ಮನಸ್ಸಿನಲ್ಲೇ ಒಬ್ಬೊಬ್ಬರಿಗೂ ದುವಾ ಕೊಟ್ಟ. ಈ ಸಲ ಒಂದು ಮಾತೂ ಇಲ್ಲದೆ ಕಬ್ಬಿಣದ ಪಟ್ಟಿಗಳು ಗೋಡೆಗೆ ನಿಂತವು.

ಹೊತ್ತು ಇಳಿಯುವಾಗ ಸುವೈಲಿಮ್ ಸಿಕ್ಕಿದ. ಬಾಯಿ ತುಂಬ ಗರಸು. ಮುತ್ಲಕ್ ಅದನ್ನು ಬೆರಳಲ್ಲಿ ತೆಗೆಯುತ್ತಲೇ ಇದ್ದ, ಯಾರೋ ಸಾಕು ಅನ್ನುವವರೆಗೆ. ಹೆಣವನ್ನು ಹಗ್ಗದಲ್ಲಿ ಮೇಲೆತ್ತಿ, ಕಂಬಳಿಯಲ್ಲಿ ಸುತ್ತಿ, ಪಿಕಪ್ಪಿಗೆ ಏರಿಸಿದರು. ನೌಫಾ ಬಂದಿದ್ದಳು. ಅಳುತ್ತಿರಲಿಲ್ಲ.

"ಹಾವು ಇರಲ್ಲ ಅಂದಿದ್ರಿ," ಅಂದಳು.

ಅವಳ ಮುಂದೆ ನಿಲ್ಲಲಾರದೆ ಮುತ್ಲಕ್ ತಿರುಗಿದ. ಗುಂಡಿಯೊಳಗೆ ಸಲಿಕೆಯ ಸದ್ದು ನಿಂತಿರಲಿಲ್ಲ. ಕಬ್ಬಿಣ ಬಿಗಿಯಾಗಿ ನಿಂತಿತ್ತು, ಅಗೆಯುವವರ ಲೆಕ್ಕದಲ್ಲಿ ಕಾವಲಿನ ಜಿನ್ನು ತನಗೆ ಬೇಕಾದ ಬಲಿಯನ್ನು ತೆಗೆದುಕೊಂಡಾಗಿತ್ತು, ಇನ್ನು ತಡೆಯುವವರು ಯಾರು? ಕೆಳಗೆ ನಾಲ್ಕೈದು ಬೆನ್ನುಗಳು ಬಾಗಿ ಏಳುತ್ತಿದ್ದವು.

ಅವನು ಅಂಚಿಗೆ ಬಂದು ಬಗ್ಗಿದ.

"ಅದನ್ನ ಕೆತ್ತಿದ್ದು ನಾನು," ಅಂದ. "ಕೇಳ್ರಪ್ಪ, ನಾನೇ ಕೆತ್ತಿದ್ದು."

ಕೆಳಗಿನಿಂದ ಫಲಾಹ್ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ನಿಜವಾದ ಮರುಕವಿತ್ತು.

"ಗೊತ್ತು ಮಾವ, ಗೊತ್ತು. ಸ್ವಲ್ಪ ಆಚೆ ಸರ್ಕೊಳ್ಳಿ, ಮೇಲೆ ಮಣ್ಣು ಬೀಳುತ್ತೆ."

ಮುತ್ಲಕ್ ಸರಿದು ನಿಂತ.