ಚಿಕ್ಕಮ್ಮನ ನಗುವಿಗೊಂದು ಸಹಿ

ಪುಕ್ಕಟೆ ಕೊಡುವುದಕ್ಕೂ ಇಷ್ಟೊಂದು ಒದ್ದಾಟವೇ ಎಂದು ಗುಂಡಿ ಮಾಸ್ತರರು ಹಣೆ ಚಚ್ಚಿಕೊಂಡರು. ತಾವು ಮಾಡಿದ ವಿಡಿಯೋ ಗೇಮುಗಳಲ್ಲೆಲ್ಲ ಹೆಜ್ಜೆಗೊಂದು ಗುಂಡಿ ತೋಡಿ ಆಡುವವರನ್ನು ಬೀಳಿಸಿದ್ದಕ್ಕೆ ಕಂಪನಿಯವರು ಇಟ್ಟ ಹೆಸರು ಅದು. ಶುಕ್ರವಾರ ಅವರ ನಿವೃತ್ತಿ. ಅಷ್ಟರೊಳಗೆ ತಮ್ಮ ಮೊಟ್ಟಮೊದಲ ಗೇಮು ಎಲ್ಲರಿಗೂ ಉಚಿತವಾಗಿ ಸಿಗಬೇಕು, ಇಲ್ಲದಿದ್ದರೆ ತಾವು ಹೋದ ಮೇಲೆ ಅದನ್ನು ಕೇಳುವ ನಾಯಿಯೂ ಇರುವುದಿಲ್ಲ ಎಂಬುದೊಂದೇ ಅವರ ಚಿಂತೆ.

"ಮೂಲೇಲಿ ಧೂಳು ತಿನ್ತಾ ಬಿದ್ದಿರೋದನ್ನ ಕೊಡೋಕೆ ಏನಮ್ಮಾ ಕಷ್ಟ?"

"ಕೊಡೋಕೆ ಮೊದಲು ಅದು ಪೂರ್ತಿ ನಮ್ಮದಾಗಿರಬೇಕಲ್ಲ ಸಾರ್," ಎಂದಳು ಕಂಪನಿಯ ಲಾಯರಮ್ಮ. "ಸಂಗೀತ ಒಬ್ಬರದು, ಚಿತ್ರ ಇನ್ನೊಬ್ಬರದು. ಅವರನ್ನೆಲ್ಲ ಹುಡುಕಿ ಒಪ್ಪಿಸೋ ಹೊತ್ತಿಗೆ ನಂಗೆ ಸಾಕುಸಾಕಾಯ್ತು. ಅದಕ್ಕೇ ಯಾವ ಕಂಪನೀನೂ ಈ ಉಸಾಬರಿಗೆ ಹೋಗಲ್ಲ. ಈಗ ಉಳಿದಿರೋದು ಒಂದೇ. ಗುಂಡಿಗೆ ಬಿದ್ದಾಗ ಒಬ್ರು ನಗ್ತಾರಲ್ಲ, ಯಾರದು?"

"ನಮ್ಮ ಚಿಕ್ಕಮ್ಮ."

ಹಿಂದೊಮ್ಮೆ ನಲ್ಲಿ ತೊಟ್ಟಿಕ್ಕುವ ಸದ್ದು ಹಿಡಿಯಲೆಂದು ಚಿಕ್ಕಮ್ಮನ ಅಡುಗೆಮನೆಯಲ್ಲಿ ರೆಕಾರ್ಡರ್ ಇಟ್ಟು, ಅದೇ ನೀರಲ್ಲಿ ಜಾರಿ ಧೊಪ್ಪೆಂದು ಬಿದ್ದಿದ್ದರು ಮಾಸ್ತರರು. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗು ಗೇಮಿಗೆ ಹೋಯಿತು. ಆಗೆಲ್ಲ ಕಾಗದಪತ್ರ ಯಾರು ಕೇಳುತ್ತಿದ್ದರು? ಚಿಕ್ಕಮ್ಮನಿಗೆ ಹೇಳುವುದನ್ನೂ ಮರೆತಿದ್ದರು ಪುಣ್ಯಾತ್ಮರು!

"ಆ ನಗು ತೆಗೆದುಬಿಟ್ರೆ?" ಎಂದಳು ಲಾಯರಮ್ಮ.

"ಹೇಗಮ್ಮಾ ತೆಗೆಯೋದು? ಗೇಮು ಬರೆದಿದ್ದ ಮೂಲ ಕೋಡು ಆಫೀಸು ಬದಲಾಯಿಸಿದಾಗಲೇ ಕಳೆದುಹೋಯ್ತು. ಅದಿಲ್ಲದೆ ಒಂದಕ್ಷರಾನೂ ಬದಲಾಯಿಸೋಕಾಗಲ್ಲ."

"ಹಾಗಾದ್ರೆ ಅವರ ಸಹಿ ತನ್ನಿ."

ಮಾಸ್ತರರು ಕಾಗದ, ಗೇಮು ಎರಡನ್ನೂ ಹಿಡಿದು ಚಿಕ್ಕಮ್ಮನ ಮನೆಗೆ ಓಡಿದರು. ನಗುವಿನ ಮಾತು ಎತ್ತುವ ಮೊದಲೇ ಆಕೆ ಕನ್ನಡಕ ಏರಿಸಿ ಕೂತುಬಿಟ್ಟಳು. "ಆಡಿ ನೋಡದೆ ನಾನು ಯಾವ ಕಾಗದಕ್ಕೂ ಸಹಿ ಹಾಕೋಳಲ್ಲ."

ಮೊದಲ ಗುಂಡಿಗೇ ಬಿದ್ದಳು. ಪರದೆಯೊಳಗಿಂದ ಕಿಲಕಿಲ ನಗು. ಮತ್ತೆ ಬಿದ್ದಳು, ಮತ್ತೆ ನಗು. ಚಿಕ್ಕಮ್ಮನಿಗೆ ಪಿತ್ತ ನೆತ್ತಿಗೇರಿತು.

"ಯಾವಳೋ ಇವಳು? ಬಿದ್ದವರನ್ನ ಎತ್ತೋದು ಬಿಟ್ಟು ಹಲ್ಲು ಕಿರೀತಾಳೆ! ಮೊದಲು ಇವಳನ್ನ ಆಚೆ ಹಾಕು, ಆಮೇಲೆ ಸಹಿ."

ಮಾಸ್ತರರಿಗೆ ಹೇಳಿದರೂ ಕಷ್ಟ, ಬಿಟ್ಟರೂ ಕಷ್ಟ. ಕೊನೆಗೆ ಆದದ್ದಾಗಲಿ ಎಂದು ಬಾಯಿ ಬಿಟ್ಟರು.

"ಚಿಕ್ಕಮ್ಮಾ, ಅದು ನೀನೇ. ಅವತ್ತು ಅಡುಗೆಮನೇಲಿ ನಾನು ಜಾರಿ ಬಿದ್ದೆನಲ್ಲ, ಆಗ ನಕ್ಕಿದ್ದು."

ಚಿಕ್ಕಮ್ಮ ಪಿಳಿಪಿಳಿ ನೋಡಿದಳು. ಬೇಕೆಂದೇ ಇನ್ನೊಮ್ಮೆ ಗುಂಡಿಗೆ ಬಿದ್ದು, ಪರದೆಗೆ ಕಿವಿ ಹಚ್ಚಿ ಕೇಳಿದಳು.

"ಅಯ್ಯೋ ನನ್ನ ಬಂಗಾರಾ! ಎಷ್ಟು ಚೆನ್ನಾಗಿ ನಗ್ತಾಳೋ!" ಎಂದವಳೇ ಪೆನ್ನು ಕಸಿದುಕೊಂಡು ಅಗಲವಾಗಿ ಸಹಿ ಹಾಕಿದಳು. "ಲೋಕಕ್ಕೆಲ್ಲ ಹಂಚು ಹೋಗು."

ಮಾಸ್ತರರು ಖುಷಿಯಿಂದ ಕಾಗದ ಎತ್ತಿಕೊಳ್ಳಲು ಕೈ ಚಾಚಿದರೆ, ಚಿಕ್ಕಮ್ಮ ಆಟದ ರಿಮೋಟನ್ನೇ ಆ ಕೈಗೆ ತುರುಕಿದಳು.

"ಎಲ್ಲಿಗೋ? ಈಗ ನೀನು ಬೀಳು. ನಾನು ನಗಬೇಕು."

ಜೀವಮಾನವೆಲ್ಲ ಊರವರನ್ನು ಬೀಳಿಸಿದ ಮಾಸ್ತರರು ಕುಣಿಯುತ್ತ ಹೋಗಿ ಗುಂಡಿಗೆ ಹಾರಿದರು. ಪರದೆಯ ನಗುವಿಗಿಂತ ಪಕ್ಕದ ನಗುವೇ ಜೋರಾಗಿತ್ತು.