ಮಗಾಂಗೆಯಲ್ಲಿ ಬೆಳಗಿನ ಹತ್ತು ಗಂಟೆ

ಹಗ್ಗ ಕೈಗವಸಿನಿಂದ ಜಾರಿ ಮಣಿಕಟ್ಟಿಗೆ ಬಂದು ಅಲ್ಲೇ ಕೊರೆಯುತ್ತಿದೆ, ಕೊರೆಯಲಿ, ಹಿಂದೆ ಹಿಮದ ಮೇಲೆ ಮರದ ಜಾರುಗಾಡಿ ಖಾಲಿಯಾಗಿ ಗರಗರ ಎನ್ನುತ್ತ ಬರುತ್ತಿದೆ, ಮುಂದೆ ಸರಾಯ್‌ಳ ಹಳದಿ ಟೋಪಿ, ಅದರ ತುದಿಯ ಉಣ್ಣೆ ಚೆಂಡು ಹೆಜ್ಜೆಹೆಜ್ಜೆಗೂ ಕುಣಿಯುತ್ತಿದೆ, ಏಳು ವರ್ಷದವಳಿಗೆ ಈ ಏರು ಏನೂ ಅಲ್ಲ, ಅಮ್ಮಾ ಬೇಗ ಬಾ, ಅಮ್ಮಾ ನೀನು ಆಮೆ, ಹೂಂ ಮಗಾ ನಾನು ಆಮೇನೇ, ಈಗ ಎರಡೂವರೆ, ಅಂದರೆ ಅಲ್ಲಿ ಎಂಟೂವರೆ, ಸಮುದ್ರದಾಚೆಯ ನನ್ನೂರು ಮಗಾಂಗೆಯಲ್ಲಿ ಬೆಳಗಿನ ಎಂಟೂವರೆ, ನದಿಯ ಮೇಲಿನ ಬಿಸಿಲು ಆಗಲೇ ತಗಡಿನ ಮಾಡುಗಳಿಗೆ ಏರಿರುತ್ತದೆ, ನನ್ನ ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದಾರೆ, ಎರಡು ಫ್ಯಾನು ಹಾಕಿದ್ದಾರೆ — ಅಮ್ಮ ಸತ್ತಿದ್ದಾಳೆ, ನಿನ್ನೆ ಸಂಜೆ ಆರರಿಂದ ಈ ಮಾತನ್ನು ಹೇಳಿಕೊಳ್ಳುತ್ತಲೇ ಇದ್ದೇನೆ, ಅದು ಬಾಯಿಗೆ ಬರುತ್ತದೆ, ಎದೆಗೆ ಇಳಿಯುವುದಿಲ್ಲ, ಆಗ ಅಲ್ಲಿ ಮಧ್ಯಾಹ್ನ ಹನ್ನೆರಡು, ಅಮ್ಮ ಬಾಗಿಲ ಮುಂದಿನ ಬಾಣಲೆ ಕೆಳಗಿಳಿಸಿ, ಉಳಿದ ಮರಗೆಣಸಿನ ಬೋಂಡಾಗಳ ಮೇಲೆ ಬಟ್ಟೆ ಮುಚ್ಚಿ, ಸ್ವಲ್ಪ ಕೂರ್ತೀನಿ ಅಂದಳಂತೆ, ಕೂತಳಂತೆ, ಅಷ್ಟೇ ಕಣೇ ಮಾಯೇ, ಎದೆ ಹಿಡ್ಕೊಳ್ಳೋಕೂ ಟೈಮ್ ಸಿಗಲಿಲ್ಲ ಅತ್ತೆಗೆ, ಎಂದಳು ಯಾಡಿರಾ ಫೋನಿನಲ್ಲಿ, ನನ್ನ ಸೋದರಮಾವನ ಮಗಳು ಯಾಡಿರಾ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಗರ್ಜೀಲಿ ಪೂಜೆ, ಹತ್ತಕ್ಕೆ ಸ್ಮಶಾನ, ಈ ಸೆಕೆಗೆ ಜಾಸ್ತಿ ಹೊತ್ತು ಇಡೋಕಾಗಲ್ಲ, ನಿನಗೇ ಗೊತ್ತಲ್ಲ. ಗೊತ್ತು. ಇಲ್ಲಿಂದ ಮೂರು ವಿಮಾನ, ಆಮೇಲೆ ಐದು ಗಂಟೆ ಬಸ್ಸು, ಎಷ್ಟೇ ಓಡಿದರೂ ಸೋಮವಾರ ಮಧ್ಯಾಹ್ನ, ನನ್ನ ಗಂಡ ಹೆರ್ನಾಂದೊ ಮೇಜಿನ ಮುಂದೆ ಕೂತು ಫೋನು ಹಿಡಿದು ಆ ದಾರಿ ಈ ದಾರಿ ಎಲ್ಲಾ ಹುಡುಕಿದ, ಕೊನೆಗೆ ಫೋನು ಬೋರಲು ಹಾಕಿ ನನ್ನ ಬೆನ್ನಿನ ಮೇಲೆ ಕೈಯಿಟ್ಟ, ಆಗ ಒಳಗಿನಿಂದ ಸರಾಯ್ ಕೂಗಿದಳು, ನಾಳೆ ಭಾನುವಾರ ಅಲ್ವಾ ಅಪ್ಪಾ, ನಾಳೆ ಬೆಟ್ಟಕ್ಕೆ ಹೋಗೋದು ಗ್ಯಾರಂಟಿ ತಾನೇ, ಅವನು ಉತ್ತರಿಸುವ ಮೊದಲೇ ನಾನು ಹೇಳಿದೆ, ಗ್ಯಾರಂಟಿ ಮಗಾ — ನಾನೇ ಹೇಳಿದೆ, ಅವನಲ್ಲ, ನಾನೇ.

ಐದು ವಾರದಿಂದ ಕಾಯುತ್ತಿದ್ದಾಳೆ ಪಾಪ, ಅವರಪ್ಪ ಜನರನ್ನು ಬೆಟ್ಟಕ್ಕೆ ಏರಿಸುವ ಕುರ್ಚಿ ಲಿಫ್ಟಿನ ರಿಪೇರಿಯವನು, ಜನ ಹಿಮದ ಮೇಲೆ ಜಾರುವ ದಿನಗಳಲ್ಲೇ ಅವನಿಗೆ ಕೈತುಂಬಾ ಕೆಲಸ, ಚಳಿಗಾಲದಲ್ಲಿ ಒಂದು ಭಾನುವಾರ ಬಿಡುವು ಸಿಕ್ಕರೆ ಅದೇ ಹೆಚ್ಚು, ಅದಕ್ಕೇ ಮೂರು ಕ್ರಿಸ್ಮಸ್ಸಿಗೂ ನಾವು ಊರಿಗೆ ಹೋಗಲಿಲ್ಲ, ಜೂನಿಗೆ ಬರ್ತೀವಿ ಅಮ್ಮಾ, ಜೂನಿನಲ್ಲಿ ಮಳೆ ಕಣೇ, ಬೀದಿಯೆಲ್ಲಾ ನದಿ ಆಗಿರತ್ತೆ, ಡಿಸೆಂಬರಿಗೆ ಬಾ, ಆಯ್ತಮ್ಮಾ ಮುಂದಿನ ಡಿಸೆಂಬರಿಗೆ, ಜೂನಿಗೂ ಹೋಗಲಿಲ್ಲ, ಹೋಗುವ ಬದಲು ವಿಡಿಯೋ ಕಳಿಸಿದೆ. ಮೊದಲ ಚಳಿಗಾಲ ನಾವು ಆಸ್ಟ್ರಿಯಾದ ಈ ತಿರೋಲ್ ಊರಿಗೆ ಬಂದು ಹನ್ನೊಂದನೇ ದಿನ ಹಿಮ ಬಿತ್ತು, ಹೆರ್ನಾಂದೊ ಬರಿಯ ಚಪ್ಪಲಿಯಲ್ಲಿ ಹೊರಗೆ ಓಡಿ ಮೆಟ್ಟಿಲಲ್ಲಿ ಜಾರಿ ಅಂಡೂರಿ ಬಿದ್ದ, ಮೊಟ್ಟೆಯ ಟ್ರೇ ಸಮೇತ, ಅದನ್ನು ಅಮ್ಮ ಇಡೀ ಬೀದಿಗೆ ತೋರಿಸಿದಳಂತೆ, ಎಣ್ಣೆ ಬಾಟಲಿಗೆ ಫೋನು ಒರಗಿಸಿ, ಬೋಂಡಾ ಕೊಳ್ಳಲು ಬಂದವರಿಗೆಲ್ಲಾ, ನೋಡಿ ನನ್ನ ಮಗಳು ಫ್ರಿಜ್ಜಿನೊಳಗೆ ಸಂಸಾರ ಮಾಡ್ತಿದಾಳೆ, ಅಳಿಯ ನೋಡಿ, ಅಳಿಯನ ಸ್ಟೈಲ್ ನೋಡಿ. ಎರಡನೇ ಚಳಿಗಾಲ ಹೆಪ್ಪುಗಟ್ಟಿದ ಕೆರೆಯ ಮೇಲೆ ಬೀಳದಿರಲೆಂದು ಕುರ್ಚಿ ತಳ್ಳುತ್ತ ನಾನು ನಡೆದೆ, ಕೆಳಗೆ ಕಪ್ಪು ನೀರು, ಮಂಜುಗಡ್ಡೆ ಎಲ್ಲೋ ದೂರದಲ್ಲಿ ಗುಂಯ್ ಎಂದಿತು, ಇಲ್ಲಿಯ ಮುದುಕರು ಬಿಯರು ಹಿಡಿದು ನಗುತ್ತಿದ್ದರು, ಅಮ್ಮ ಆ ವಿಡಿಯೋ ನೋಡಿ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಬೈಯಲೆಂದೇ ಫೋನು ಮಾಡಿದಳು, ನೀರಿನ ಮೇಲೆ ನಡೆಯೋಕೆ ನೀನೇನು ಯೇಸುವಾ, ಅಯ್ಯೋ ಅಮ್ಮಾ ಗಟ್ಟಿ ಇರತ್ತೆ, ಲಾರಿ ಹೋದ್ರೂ ಒಡೆಯಲ್ಲ, ಲಾರಿಗೆ ತಾಯಿ ಇಲ್ವಲ್ಲ ಅದಕ್ಕೆ ಹೋಗತ್ತೆ. ಆಮೇಲೆ ಇಸ್ತ್ರಿ ಮಾಡಿ ಬಿಸಿಯಾದ ಕೈಯಲ್ಲಿ ಹಿಮ ಮುಟ್ಟಬೇಡ, ಬಾಯಿ ಸೊಟ್ಟಗಾಗತ್ತೆ, ನಮ್ಮ ದೊಡ್ಡಮ್ಮಂಗೆ ಫ್ರಿಜ್ ಬಾಗಿಲು ತೆಗೆದಿದ್ದಕ್ಕೇ ಆಗಿತ್ತು. ಇಲ್ಲ ಅಮ್ಮಾ, ಮುಟ್ಟಲ್ಲ. ಇಂಥ ಸುಳ್ಳು ದಿನಕ್ಕೆ ಹತ್ತು ಹೇಳುತ್ತಿದ್ದೆ. ಹೋದ ವಾರ ಕೇಳಿದಳು, ಹಿಮದ ಮೇಲೆ ನಡೆದರೆ ಹೇಗೆ ಸದ್ದು ಬರತ್ತೆ, ಒಂದು ಸಲ ಕೇಳಿಸೇ, ನಾನು ಬಸ್ಸಿಗೆ ಕಾಯುತ್ತಿದ್ದೆ, ಕೈ ಮರಗಟ್ಟಿತ್ತು, ಸದ್ದೂ ಇಲ್ಲ ಗಿದ್ದೂ ಇಲ್ಲ ಬಿಡಮ್ಮಾ, ಅಂದೆ. ಇದೆ. ಒಣ ಅವಲಕ್ಕಿಯನ್ನು ಹಿಡಿ ಹಿಡಿಯಾಗಿ ಹಿಂಡಿದ ಹಾಗೆ, ಈಗ, ಈ ಹೆಜ್ಜೆ, ಈ ಹೆಜ್ಜೆ — ನಾನು ಕೇಳುತ್ತಿದ್ದೇನೆ, ಬೇಡ, ಬೇರೆ ಏನಾದರೂ ನೋಡು, ಹೆರ್ನಾಂದೊನ ಬೆನ್ನು ನೋಡು, ಚೀಲ ಹೊತ್ತು ತಲೆ ತಗ್ಗಿಸಿ ನಡೆಯುತ್ತಿದ್ದಾನೆ, ಬೆಳಿಗ್ಗೆ, ಮಗಳಿಗೆ ಯಾವಾಗ ಹೇಳೋಣ ಎಂದು ಬಚ್ಚಲಿನಲ್ಲಿ ಪಿಸುಗುಟ್ಟಿದ, ನಾಳೆ, ಇವತ್ತೊಂದು ದಿನ ಆಡಲಿ ಬಿಡು, ಎಂದೆ, ನಿನಗೆ ಆಗತ್ತಾ ಮಾಯೇ, ಆಗದೆ ಏನು, ಮನೇಲಿ ಕೂತ್ರೆ ಗೋಡೆಗೆ ತಲೆ ಚಚ್ಚಿಕೋತೀನಿ, ನಡಿ.

ಬೆಟ್ಟದ ಮೇಲಿನ ಗುಡಿಸಲು ಹೋಟೆಲಿನಲ್ಲಿ ಬೆಚ್ಚಗೆ, ಒದ್ದೆ ಉಣ್ಣೆಯ ವಾಸನೆ, ಬೆಣ್ಣೆಯ ವಾಸನೆ, ಯಜಮಾನಿ ಬುರ್ಗಿ ದೊಡ್ಡ ದನಿಯವಳು, ಬಂದ್ರಪ್ಪಾ ಬಿಸಿಲು ದೇಶದೋರು, ಒಲೆ ಹತ್ರ ಜಾಗ ಬಿಡ್ರೋ, ಎಂದಳು, ಎಲ್ಲರೂ ನಕ್ಕರು, ನಾನೂ ನಕ್ಕೆ, ನನ್ನ ಮುಖ ತಾನಾಗಿಯೇ ನಕ್ಕಿತು, ಸರಾಯ್‌ಗೆ ಚೀಸಿನ ಉಂಡೆ ಹಾಕಿದ ಸಾರು ಬಂತು, ಅವಳು ಬುರ್ಗಿಯ ಜೊತೆ ಅವರದೇ ಭಾಷೆಯಲ್ಲಿ ಪಟಪಟ ಮಾತಾಡುತ್ತಿದ್ದಳು, ನನಗೆ ಅರ್ಧ ತಿಳಿಯಿತು, ಅಜ್ಜಿಗೆ ಕಾಲು ಭಾಗವೂ — ಒಳಗೆ ಸಿಗ್ನಲ್ ಇಲ್ಲ, ಹೊರಗೆ ಸೌದೆ ರಾಶಿಯ ಪಕ್ಕ ನಿಂತರೆ ಸಿಗತ್ತೆ, ಎಂದಳು ಬುರ್ಗಿ, ನಾನು ಗಾಳಿಗೆ ಬೆನ್ನು ಕೊಟ್ಟು ಸೌದೆಯ ಪಕ್ಕ ನಿಂತೆ, ಹೆರ್ನಾಂದೊ ಜೊತೆಗೆ ಬರಲು ಎದ್ದ, ನೀನು ಅವಳ ಹತ್ರ ಇರು, ಅನುಮಾನ ಬರತ್ತೆ, ಎಂದೆ. ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ, ಯಾಡಿರಾಳ ವಿಡಿಯೋ ಕರೆಯ ಪರದೆಯಲ್ಲಿ ಬಿಸಿಲು, ಅಷ್ಟೊಂದು ಬಿಸಿಲು, ಇಗರ್ಜಿಯಲ್ಲಿ ಹೆಂಗಸರು ರಟ್ಟಿನ ಚೂರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ಪಾದ್ರಿ ಬೆವರೊರೆಸಿಕೊಳ್ಳುತ್ತಿದ್ದಾರೆ, ಯಾಡಿರಾ ಕೈ ಬದಲಿಸಿದಾಗ ಚಿತ್ರ ಅಲುಗುತ್ತದೆ, ಕಾಣ್ತಿದೆಯಾ ಮಾಯೇ, ಕಾಣ್ತಿದೆ, ಪೆಟ್ಟಿಗೆ ಇಷ್ಟು ಸಣ್ಣದಾ, ಅಮ್ಮ ಇಷ್ಟು ಸಣ್ಣವಳಾ, ಬೀದಿಯ ಜನವೆಲ್ಲ ಬಂದಿದ್ದಾರೆ, ಬೋಂಡಾ ಸಾಲ ಹೇಳುತ್ತಿದ್ದ ಮೀನುಗಾರರೂ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದಾರೆ, ಒಬ್ಬ ಮುದುಕ ಬಗ್ಗಿ ಪರದೆಯೊಳಗೆ ಇಣುಕಿದ, ಯಾರಿದು, ಆಸ್ಟ್ರಿಯಾದ ಮಗಳಾ, ಅಯ್ಯೋ ಹಿಂದೆ ಹಿಮ ಕಾಣ್ತಿದೆ ನೋಡ್ರೋ, ಅವಳಿರೋದು ನಿಜವಾಗ್ಲೂ ಹಿಮದಲ್ಲೇ, ಯಾಡಿರಾ ಅವನನ್ನು ಗದರಿ ಅತ್ತ ತಳ್ಳಿದಳು, ನನಗೆ ಸಿಟ್ಟು ಬರಲಿಲ್ಲ, ಅಮ್ಮ ಇದ್ದಿದ್ದರೆ ತಾನೇ ಕರೆದು ತೋರಿಸುತ್ತಿದ್ದಳು. ಚಳಿಗೆ ನನ್ನ ಕಾಲಿನ ಬೆರಳುಗಳು ಇಲ್ಲ, ಆಗಲೇ ಇಲ್ಲವಾಗಿವೆ. ಪೆಟ್ಟಿಗೆ ಹೊತ್ತರು, ಬೀದಿಯಲ್ಲಿ ನಡೆದರು, ಯಾಡಿರಾ ಓಡುತ್ತ ಹಿಂದೆ, ಆಕಾಶ, ವಿದ್ಯುತ್ ತಂತಿ, ಯಾರದೋ ಭುಜ, ನಮ್ಮ ಮನೆಯ ನೀಲಿ ಬಾಗಿಲು ಒಂದು ಕ್ಷಣ, ಮತ್ತೆ ಭುಜ.

ಈಗ ನಾಲ್ಕು, ಇಲ್ಲಿ ಬೆಟ್ಟದ ನೆರಳು ಬಂದಾಯಿತು, ಅಲ್ಲಿ ಹತ್ತು ಗಂಟೆಯ ಬಿಳಿ ಬಿಸಿಲು, ಸ್ಮಶಾನದ ಉದ್ದ ಗೋಡೆ, ನಮ್ಮಲ್ಲಿ ನೆಲ ಅಗೆಯುವುದಿಲ್ಲ, ನದಿ ಉಕ್ಕಿದರೆ ಏನೂ ಉಳಿಯುವುದಿಲ್ಲ, ಗೋಡೆಯಲ್ಲಿ ಸಾಲು ಸಾಲು ಗೂಡು, ಒಂದೊಂದು ಗೂಡಿಗೆ ಒಬ್ಬರು, ಅಮ್ಮನದು ಕೆಳಗಿನಿಂದ ಎರಡನೆಯದು, ಪೆಟ್ಟಿಗೆ ಒಳಗೆ ತಳ್ಳಿದರು, ಅದು ಕರಕರ ಎಂದಿತು, ಯಾಡಿರಾ ಗೋಳೋ ಎಂದು ಅತ್ತಳು, ನಾನು ಅಳಲಿಲ್ಲ, ಕಣ್ಣಿನ ನೀರು ರೆಪ್ಪೆಗೇ ಗಟ್ಟಿಯಾಗಿತ್ತು, ಬನಿಯನ್ ತೊಟ್ಟ ಮೇಸ್ತ್ರಿ ಮಂಡಿಯೂರಿ ಕೂತ, ಬಕೆಟ್ಟಿನಿಂದ ಗಾರೆ ತೆಗೆದ, ಒಂದೊಂದೇ ಇಟ್ಟಿಗೆ, ಬೇಗ ಬೇಗ, ಅವನಿಗೇನು, ಅಡಿಯ ಸಾಲು ಮುಗಿಯಿತು, ಎರಡನೆಯದು ಮುಗಿಯಿತು, ಪೆಟ್ಟಿಗೆ ಅರ್ಧ ಮರೆಯಾಯಿತು, ಮೂರನೆಯದು, ನಾಲ್ಕನೆಯದು, ಯಾರೋ ಹಾಡು ಶುರು ಮಾಡಿ ಮರೆತು ನಿಲ್ಲಿಸಿದರು, ಕೊನೆಯ ಸಾಲು, ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಇಟ್ಟಿಗೆಯ ಜಾಗ, ಅವನು ಇಟ್ಟಿಗೆ ಕೈಗೆತ್ತಿಕೊಂಡ, ಕರಣೆಯ ತುದಿಯಿಂದ ಅಂಚು ಕೆರೆದ, ಕೈ ಮುಂದೆ ತಂದ — ಪರದೆ ಕಪ್ಪಾಯಿತು. ಒತ್ತಿದೆ, ಮತ್ತೆ ಒತ್ತಿದೆ, ಚಳಿಗೆ ಬ್ಯಾಟರಿ ಸತ್ತಿತ್ತು, ಕಂಕುಳಲ್ಲಿ ಇಟ್ಟುಕೊಂಡೆ, ಕುಪ್ಪಸದೊಳಗೆ ಚರ್ಮಕ್ಕೆ ಒತ್ತಿ ಹಿಡಿದೆ, ಮಂಜಿನ ತುಂಡು ಅದು, ಹೆರ್ನಾಂದೊ ಬಾಗಿಲು ತೆರೆದು ಬಂದ, ಏನಾಯ್ತು, ಹೋಯ್ತು, ಮುಗೀತಾ, ಇಲ್ಲ, ಒಂದು ಇಟ್ಟಿಗೆ ಉಳಿದಿತ್ತು, ತಾಳು, ನನ್ ಫೋನು ಕೆಳಗೆ ಕಾರಲ್ಲಿ ಬಿಟ್ಟು ಬಂದಿದೀನಿ, ಬುರ್ಗಿ ಹತ್ರ ಚಾರ್ಜರ್ ಕೇಳ್ತೀನಿ, ಬೇಡ, ಎಂದೆ, ಐದೇ ನಿಮಿಷ ಮಾಯೇ, ಬೇಡ ಅಂದ್ನಲ್ಲ, ಕೇಳಬೇಡ, ನನ್ನ ದನಿಗೆ ಸೌದೆಯ ಮೇಲಿನ ಹಕ್ಕಿ ಹಾರಿತು, ಅವನು ನನ್ನ ಕೈ ಹಿಡಿದು ತನ್ನ ಬಾಯಿಯ ಹತ್ತಿರ ತಂದು ಉಸಿರು ಊದಿದ, ಎರಡು ಸಲ, ಮೂರು ಸಲ, ಅವನೂ ಅಳುತ್ತಿದ್ದ, ಅಮ್ಮ ಅವನನ್ನು ಅಳಿಯ ಎಂದು ಯಾವತ್ತೂ ಕರೆಯಲಿಲ್ಲ, ಗೇಲಿ ಮಾಡುವಾಗ ಬಿಟ್ಟು, ಮಗನೇ ಎನ್ನುತ್ತಿದ್ದಳು, ಆಗ ಸರಾಯ್ ಹೊರಗೆ ಬಂದಳು, ಬಾಯಿಗೆ ಸಾರು ಮೆತ್ತಿಕೊಂಡು, ಯಾಕೆ ಇಬ್ರೂ ಕೈ ಊದ್ತಿದೀರಾ, ಚಳಿ ಮಗಾ, ಸರಿ ಹಾಗಾದ್ರೆ ಹೋಗೋಣ, ನಾನು ಅಮ್ಮನ ಜೊತೆ ಕೂರ್ತೀನಿ, ಅಪ್ಪ ಭಾರ.

ಕೂತೆ, ಮಗಳನ್ನು ಕಾಲುಗಳ ನಡುವೆ ಕೂರಿಸಿಕೊಂಡೆ, ಅವಳ ಟೋಪಿಯ ಚೆಂಡು ನನ್ನ ಗಲ್ಲಕ್ಕೆ, ಹೆರ್ನಾಂದೊ ಹಿಂದಿನಿಂದ ತಳ್ಳಿದ, ಮೊದಲು ನಿಧಾನ, ಆಮೇಲೆ ನಿಧಾನ ಎನ್ನುವುದೇ ಇಲ್ಲ, ಮರಗಳು ಸರಸರ, ಹಿಮದ ಪುಡಿ ಕಣ್ಣಿಗೆ, ಹಲ್ಲಿಗೆ, ಮೊದಲ ತಿರುವಿನಲ್ಲಿ ಹಿಮ್ಮಡಿ ಒತ್ತಿದೆ, ಎರಡನೆಯದರಲ್ಲಿ ಒತ್ತಲಿಲ್ಲ, ಗಾಡಿ ಅಂಚಿಗೆ ಹೋಯಿತು, ಕೆಳಗೆ ಆಳ, ಒಂದು ಕ್ಷಣ ಹಾಗೇ ಬಿಟ್ಟುಬಿಡೋಣ ಅನ್ನಿಸಿತು, ಇಲ್ಲ, ಅನ್ನಿಸಲಿಲ್ಲ, ಮಗಳಿದ್ದಾಳೆ ಮುಂದೆ, ಅನ್ನಿಸಿತು, ಒತ್ತಿದೆ, ಗಾಡಿ ಒಳಕ್ಕೆ ಬಂತು, ಆಗ ಹೊಟ್ಟೆಯೊಳಗಿನಿಂದ ಕಿತ್ತುಕೊಂಡು ಬಂತು ಅದು, ಬಾಯಿ ತೆರೆದದ್ದೇ ಗೊತ್ತಾಗಲಿಲ್ಲ, ಅಮ್ಮಾ ಎಂದು, ಅಮ್ಮಾ ಎಂದು, ಬೆಟ್ಟ ಅದನ್ನೇ ತಿರುಗಿ ಕೂಗಿತು, ಮಗಳು ಕೇಕೆ ಹಾಕಿ ನಕ್ಕಳು, ನಾನೂ ನಾನೂ ಎಂದಳು, ಅವಳೂ ಕಿರುಚಿದಳು ಅಮ್ಮಾ ಎಂದು, ಇನ್ನೂ ಜೋರಾಗಿ ಅಮ್ಮಾ, ಇನ್ನೂ ಜೋರಾಗಿ ಕಿರುಚು, ನಾನು ಕಿರುಚಿದೆ, ಇಬ್ಬರೂ ಕಿರುಚುತ್ತ ಇಡೀ ಬೆಟ್ಟ ಇಳಿದೆವು, ಮೇಲಕ್ಕೆ ನಡೆದು ಬರುತ್ತಿದ್ದವರು ಪಕ್ಕಕ್ಕೆ ಸರಿದು ಕೈ ಬೀಸಿದರು, ಎಷ್ಟು ಖುಷಿ ನೋಡಿ ಎನ್ನುವ ಹಾಗೆ, ಕೆಳಗೆ ಹಿಮದ ಗುಡ್ಡೆಗೆ ಗುದ್ದಿ ಮಗುಚಿ ಬಿದ್ದೆವು, ನಾನು ಏಳಲಿಲ್ಲ, ಕಿವಿಯೊಳಗೆ ಹಿಮ, ಮೂಗಿನೊಳಗೆ ಹಿಮ, ಅವಳು ನನ್ನ ಎದೆಯ ಮೇಲೆ ಹತ್ತಿ ಕೂತಳು, ಅಮ್ಮಾ ನೀನು ಇವತ್ತು ಸೂಪರ್, ಓಡಿ ಬಂದ ಅಪ್ಪನಿಗೂ ಹೇಳಿದಳು, ಅಪ್ಪಾ ಕೇಳಿಸ್ತಾ, ಅಮ್ಮ ನನಗಿಂತ ಜೋರಾಗಿ ಕಿರುಚಿದ್ಲು, ಕೇಳಿಸ್ತು ಮಗಾ, ಎಂದ, ಮೇಲಿನ ತನಕ ಕೇಳಿಸ್ತು.

ಕಾರಿನೊಳಗೆ ಹೀಟರು ಬಿಸಿ ಗಾಳಿ ಊದುತ್ತಿದೆ, ಬೆರಳುಗಳಿಗೆ ಜೀವ ಬರುವಾಗ ಚುಚ್ಚುತ್ತದೆ, ಸೂಜಿ ಸೂಜಿ, ಹಿಂದಿನ ಸೀಟಿನಲ್ಲಿ ಸರಾಯ್, ಅಪ್ಪಾ ಕೊನೇ ತಿರುವಿನಲ್ಲಿ ವಿಡಿಯೋ ತೆಗೆದ್ಯಾ, ಇಲ್ವಾ, ಥೂ ಅಪ್ಪಾ, ಅಜ್ಜಿಗೆ ಏನು ಕಳಿಸೋದೀಗ, ಅಮ್ಮಾ ನೀನು ಅಜ್ಜಿಗೆ ಫೋನ್ ಮಾಡು, ನಾನೇ ಹೇಳ್ತೀನಿ, ಈಗ್ಲೇ ಮಾಡು, ಹೆರ್ನಾಂದೊ ದಾರಿಯಿಂದ ಕಣ್ಣು ತೆಗೆದು ನನ್ನನ್ನು ನೋಡುತ್ತಾನೆ, ಆಮೇಲೆ ಮಾಡೋಣ ಮಗಾ, ಬ್ಯಾಟರಿ ಇಲ್ಲ, ಎನ್ನುತ್ತೇನೆ, ಚಾರ್ಜಿಗೆ ಹಾಕಿದೀಯಲ್ಲ, ಬೆಳಕು ಬಂತು ನೋಡು ಬೆಳಕು ಬಂತು, ಹೌದು, ತೊಡೆಯ ಮೇಲೆ ಫೋನು ಬೆಳಗಿದೆ, ಗುರ್ ಎಂದಿತು, ಮತ್ತೆ ಗುರ್, ಯಾಡಿರಾ, ಯಾಡಿರಾ, ಯಾಡಿರಾ, ಎಂಟು ಸಂದೇಶ, ಒಂದು ಫೋಟೋ, ತೆರೆದರೆ ಆ ಗೋಡೆ ಇರುತ್ತದೆ, ಗಾರೆ ಬಳಿದು ನುಣ್ಣಗೆ, ಹಸಿ ಗಾರೆಯ ಮೇಲೆ ಮೊಳೆಯಲ್ಲಿ ಗೀಚಿದ ಹೆಸರು, ತಾರೀಕು, ಬೋರಲು ಹಾಕಿದೆ, ಮೇಲೆ ಕೈಗವಸು ಇಟ್ಟೆ, ನೋಡಿಲ್ಲ ನಾನು, ನೋಡದ ತನಕ ಆ ಮೇಸ್ತ್ರಿ ಮಂಡಿಯೂರಿ ಕೂತೇ ಇದ್ದಾನೆ, ಬನಿಯನ್ನಿನ ಬೆನ್ನು ಒದ್ದೆ, ಕೈಯಲ್ಲಿ ಇಟ್ಟಿಗೆ, ಕೈ ಮುಂದೆ ತಂದಿದ್ದಾನೆ, ಅಜ್ಜಿ ಫೋನ್ ಎತ್ತೋದೇ ಇಲ್ವಾ ಅಮ್ಮಾ, ಎಡಕ್ಕೊಂದು, ಬಲಕ್ಕೊಂದು, ಅಮ್ಮಾ, ಕೇಳಿಸ್ತಿದೆಯಾ, ನಡುವೆ ಒಂದು ಇಟ್ಟಿಗೆಯ ಜಾಗ, ಅಷ್ಟು ಬಿಸಿಲಿನಲ್ಲೂ ಅದು ಕಪ್ಪು, ಒಳಗೆ ಏನೂ ಕಾಣುವುದಿಲ್ಲ, ಒಂದು ಇಟ್ಟಿಗೆಯ ಜಾಗ, ಕಪ್ಪು, ಒಂದು ಇಟ್ಟಿಗೆಯ ಜಾಗ