ಊಟದ ಮೇಜಿನಲ್ಲಿ ಆಡಿದ ಮಾತು

ಹೊಸ ನ್ಯಾಯಾಧೀಶರ ಪಟ್ಟಿ ಅಂದಿನ ಪತ್ರಿಕೆಯ ಮುಖಪುಟದಲ್ಲೇ ಇತ್ತು. ಹಿರಿಯ ವಕೀಲರು ಓದುತ್ತಿರುವಾಗ, ಎದುರಿಗೆ ಕುಳಿತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಹೆಂಡತಿ ಬಗ್ಗಿ ನೋಡಿದರು.

"ಈ ಸಲವೂ ಒಬ್ಬ ಹೆಂಗಸೂ ಇಲ್ವಾ? ನಿಮ್ಮ ಗುಡುಗಮ್ಮನ ಹೆಸರು ಹೋಗಿದೆ ಅಂದಿದ್ರಿ."

ವಕೀಲರು ಪುಟ ಮಗುಚಿದರು.

ಅವರಿಗೆ ವಕಾಲತ್ತು ಎಷ್ಟು ರೂಢಿಯೋ ಟೀವಿಯೂ ಅಷ್ಟೆ. ಹೊಸ ಕಾನೂನು ಬರಲಿ, ದೊಡ್ಡ ತೀರ್ಪು ಬರಲಿ, ಚಾನೆಲ್ಲಿನವರು ಮೊದಲು ಕರೆಯುತ್ತಿದ್ದುದು ಅವರನ್ನೇ. ಆ ಸಂಜೆಗೂ ಕರೆ ಬಂದಿತ್ತು. ನ್ಯಾಯಪೀಠದಲ್ಲಿ ಮಹಿಳೆಯರು ಯಾಕಿಷ್ಟು ಕಡಿಮೆ ಎಂಬುದು ಚರ್ಚೆಯ ವಿಷಯ.

ಗುಡುಗಮ್ಮ ಅವರ ಕೈಕೆಳಗೇ ಪಳಗಿದವಳು. ಕಟಕಟೆಯಲ್ಲಿ ನಿಂತವರನ್ನು ಯಾರಾದರೂ ಹೀಯಾಳಿಸಿದರೆ ಆಕೆಯ ದನಿ ಹೊರಗಿನ ಮೊಗಸಾಲೆಗೂ ಕೇಳಿಸುತ್ತಿತ್ತು. ಅಡ್ಡಹೆಸರು ಬಂದದ್ದು ಹಾಗೆ. ನ್ಯಾಯಾಧೀಶರ ಹುದ್ದೆಗೆ ಆಕೆಯ ಹೆಸರು ಹೋದಾಗ, ಆಯ್ಕೆ ಮಾಡುವವರಲ್ಲೊಬ್ಬರು ಯಾರದೋ ನಿವೃತ್ತಿಯ ಔತಣದಲ್ಲಿ ಇವರನ್ನು ವಿಚಾರಿಸಿದ್ದರು. ಕಾನೂನು ಅರೆದು ಕುಡಿದಿದ್ದಾಳೆ, ಕೈ ಶುದ್ಧ ಎಂದು ಇವರು ಬಾಯ್ತುಂಬ ಹೊಗಳಿದ್ದು ನಿಜ. ಆದರೆ ಮೇಜು ಬಿಟ್ಟು ಏಳುವಾಗ, ಸ್ವಲ್ಪ ಮುಂಗೋಪಿ ಅಷ್ಟೆ ಎಂದು ನಕ್ಕಿದ್ದರು. ಕೆಡುಕು ಮಾಡುವ ಮನಸ್ಸಿರಲಿಲ್ಲ. ಗಂಡಸೊಬ್ಬ ಅಷ್ಟೇ ಜೋರಾಗಿ ವಾದಿಸಿದರೆ ತಾವೇ ಅವನನ್ನು ಗಟ್ಟಿಗ ಎನ್ನುತ್ತಿದ್ದೆವೆಂಬುದು ಆಗ ಹೊಳೆಯಲಿಲ್ಲ. ಇನ್ನು ಮುಂದಿನ ಪಟ್ಟಿಯ ಹೊತ್ತಿಗೆ ಆಕೆಯ ವಯಸ್ಸು ಮಿತಿ ದಾಟಿರುತ್ತದೆ.

ಸಮಾಧಾನದ ಎರಡು ಮಾತಾಡೋಣವೆಂದು ಮಧ್ಯಾಹ್ನ ಆಕೆ ವಾದಿಸುತ್ತಿದ್ದ ಮೊಕದ್ದಮೆಯ ಕೋಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು. ಗಂಡನ ಹೊಡೆತ ತಾಳಲಾರದೆ ದೂರು ಕೊಟ್ಟ ಆಕೆಯ ಕಕ್ಷಿದಾರಳ ಪಾಟೀಸವಾಲು ನಡೆದಿತ್ತು. ಎದುರು ಪಕ್ಷದ ವಕೀಲ, ಅಷ್ಟು ವರ್ಷ ಹೊಡೆಸಿಕೊಂಡೇ ಇದ್ದೆಯೆಂದರೆ ನಿನಗೂ ಅದು ಇಷ್ಟವಿತ್ತೇನೋ ಎಂದು ಕೇಳಿದ. ಯಾರೋ ಕಿಸಕ್ಕೆಂದರು. ಹಿರಿಯರು ಗುಡುಗಿಗಾಗಿ ಕಾದರು. ಗುಡುಗಮ್ಮ ಅರ್ಧ ಎದ್ದು, ಆಕ್ಷೇಪಣೆಯಿದೆ ಎಂದು ಮೆಲ್ಲಗೆ ಹೇಳಿ ಕುಳಿತುಬಿಟ್ಟಳು. ಅದು ನ್ಯಾಯಾಧೀಶರ ಕಿವಿಗೆ ಬಿತ್ತೋ ಇಲ್ಲವೋ. ಕಟಕಟೆಯ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೊಗಸಾಲೆಯಲ್ಲಿ ಅವರು ಗುಡುಗಮ್ಮನನ್ನು ತಡೆದು ನಿಲ್ಲಿಸಿದರು.

"ಮುಂಗೋಪಿ ಅಂತ ಹೇಳಿದ್ದು ನಾನು ಕಣಮ್ಮ."

"ಗೊತ್ತು ಸರ್. ಔತಣದ ಮಾರನೇ ದಿನವೇ ಕಿವಿಗೆ ಬಿತ್ತು."

ತಾನು ಹೊಗಳಿಯೂ ಇದ್ದೆ, ಒಂದು ಮಾತಿಗೆ ಯಾರ ಹೆಸರೂ ಬಿಟ್ಟುಹೋಗುವುದಿಲ್ಲ ಎಂದು ಅವರು ವಿವರಿಸಹೋದರು. ಆಕೆ ಹೌದೆಂದಳು, ಬೇರೆಯವರೂ ಏನಾದರೂ ಹೇಳಿರಬಹುದು, ತನಗೆ ಯಾರ ಮೇಲೂ ದೂರಿಲ್ಲ ಎಂದಳು. ಆ ಶಾಂತಿ ಅವರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಗೊತ್ತಿದ್ದ ಮೇಲೆ ಬಂದು ನನ್ನ ಹತ್ರ ಜಗಳ ಆಡಬಾರದಿತ್ತಾ?"

"ಜಗಳ ಆಡಿದ್ರೆ ನೀವು ಹೇಳಿದ್ದೇ ನಿಜ ಆಗ್ತಿತ್ತಲ್ಲ, ಸರ್." ಆಕೆ ಮುಚ್ಚಿದ ಬಾಗಿಲಿನತ್ತ ನೋಡಿದಳು. "ಹುದ್ದೆ ಹೋಗ್ಲಿ. ಇವತ್ತು ಆ ಹೆಂಗಸಿಗೆ ನಾನು ಬೇಕಿತ್ತು. ದನೀನೇ ಏಳ್ಲಿಲ್ಲ. ಅವತ್ತಿನಿಂದ ತಗ್ಗಿ ತಗ್ಗಿ ಅಭ್ಯಾಸವಾಗಿಬಿಟ್ಟಿದೆ."

ಆಕೆ ಕಡತಗಳನ್ನು ಎದೆಗವಚಿಕೊಂಡು ತನ್ನ ಕಕ್ಷಿದಾರಳನ್ನು ಹುಡುಕುತ್ತ ಹೋದಳು.

ಸಂಜೆ ಸ್ಟುಡಿಯೋದಲ್ಲಿ ನಿರೂಪಕಿ ಮೊದಲ ಪ್ರಶ್ನೆಯನ್ನೇ ಅವರಿಗೆ ಹಾಕಿದಳು. ಈ ವೃತ್ತಿಗೆ ಬರುವ ಹೆಣ್ಣುಮಕ್ಕಳೇ ಕಡಿಮೆ, ಬಂದವರಿಗೂ ಸಂಸಾರದ ಭಾರ, ಹಿರಿತನದ ನಿಯಮ ಬೇರೆ. ವರ್ಷಗಳಿಂದ ತಾವು ಹೇಳಿಕೊಂಡು ಬಂದ ಈ ಉತ್ತರಗಳೆಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಅವರು ಸುಮ್ಮನೆ ಕುಳಿತಿದ್ದು ನೋಡಿ ನಿರೂಪಕಿ ದನಿ ಕೇಳಿಸುತ್ತಿದೆಯೇ ಎಂದು ವಿಚಾರಿಸಿದಳು.

"ಕೇಳಿಸ್ತಾ ಇದೆ," ಎಂದರು. "ಒಳ್ಳೆ ವಕೀಲೆಯೊಬ್ಬಳು ಈ ಪಟ್ಟಿಯಲ್ಲಿ ಇರಬೇಕಿತ್ತು. ಊಟದ ಮೇಜಿನಲ್ಲಿ ಒಬ್ಬ ಮುದುಕ ಆಕೆಗೆ ಮೂಗಿನ ತುದೀಲಿ ಕೋಪ ಅಂದ. ಅಷ್ಟೇ ಸಾಕಾಯ್ತು. ಆಕೆ ಹೆಸರು ಹೇಳಲ್ಲ, ಅದು ಈಗಾಗಲೇ ಬೇಕಾದಷ್ಟು ಬಾಯಲ್ಲಿ ಓಡಾಡಿದೆ. ಆ ಮುದುಕನ ಹೆಸರು ಬೇಕಿದ್ರೆ ಈಗ ಪರದೆ ಮೇಲೆ ನನ್ನ ಮುಖದ ಕೆಳಗೆ ಬರ್ತಾ ಇರುತ್ತೆ, ಓದ್ಕೊಳ್ಳಿ."